ಕಿವಿಮಾತು ಮತ್ತು ಡಂಗುರ

ಕನ್ನಡದಲ್ಲಿ ಬುದ್ಧಿವಾದಕ್ಕೆ ಹೆಸರುಗಳು ಹಲವು. ಉಪದೇಶ, ಹಿತವಚನ, ಸಲಹೆ, ಬುದ್ಧಿಮಾತು ಇವೆಲ್ಲ ಹೇಳುವವರನ್ನು ನೆನೆದು ಹುಟ್ಟಿದ ಪದಗಳು. ‘ಕಿವಿಮಾತು’ ಎಂಬುದೊಂದು ಮಾತ್ರ ಕೇಳುವವರನ್ನು ನೆನೆದು ಹುಟ್ಟಿದ್ದು. ಒಂದು ಬಾಯಿ, ಒಂದು ಕಿವಿ. ಇವೆರಡರ ನಡುವೆ ಮೂರನೆಯವರಿಗೆ ಎಡೆಯಿಲ್ಲ. ಊರಿಗೆಲ್ಲ ಕೇಳುವಂತೆ ಹೇಳುವುದಕ್ಕೆ ನಮ್ಮ ನುಡಿಯಲ್ಲಿ ಬೇರೆಯ ಪದವೇ ಉಂಟು, ಅದನ್ನು ಡಂಗುರವೆನ್ನುತ್ತೇವೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ನಮ್ಮ ಮನೆಗಳ ಟೆಲಿವಿಷನ್ನಿನಲ್ಲಿ ಒಂದು ಬಗೆಯ ಕಾರ್ಯಕ್ರಮ ಬೆಳೆದು ಬಂದಿತು. ಗಂಡ ಹೆಂಡಿರ ಜಗಳ, ತಾಯಿ ಮಕ್ಕಳ ವೈಮನಸ್ಯ, ಓಡಿಹೋದವರ ಹುಡುಕಾಟ ಇವನ್ನು ತೆರೆಯ ಮೇಲೆ ತಂದು ಕೂರಿಸಿ, ಒಬ್ಬ ಹಿರಿಯ ಕಲಾವಿದೆ ವಿಚಾರಿಸಿ ಬುದ್ಧಿ ಹೇಳುವ ಕಾರ್ಯಕ್ರಮವದು. ಕಿವಿಮಾತನ್ನು ಡಂಗುರದ ಮೂಲಕ ಹೇಳಬಹುದೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಆ ಕಾರ್ಯಕ್ರಮಗಳನ್ನೂ ಅವನ್ನು ನಡೆಸಿದ ಮೂವರು ಕಲಾವಿದೆಯರ ಸಾಧನೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಹಿತ್ಯದ ಪತ್ರಿಕೆಯಲ್ಲಿ ಟೀವಿಯ ಮಾತೇಕೆ ಎಂದು ಸಂಘದ ಹಿರಿಯರು ಕೇಳಬಹುದು. ಕಥೆ ಹೇಳುವುದೆಲ್ಲವೂ ಸಾಹಿತ್ಯವಿಮರ್ಶೆಯ ಎಲ್ಲೆಯೊಳಗೆ ಬರತಕ್ಕದ್ದೆಂಬುದು ನನ್ನ ಮೊದಲನೆಯ ಸಮಾಧಾನ. ಪಾಪಿರೆಡ್ಡಿಪಟ್ಟಿಯಲ್ಲಿ ನಮ್ಮಂಥವರ ಮನೆಮಾತು ಕನ್ನಡ, ಶಾಲೆಯ ಪಾಠ ತಮಿಳು. ಸಂಜೆಯ ಹೊತ್ತು ಒಂದೇ ಪೆಟ್ಟಿಗೆಯಿಂದ ಎರಡು ಭಾಷೆಗಳ ಅಳು ನಮಗೆ ಕೇಳಿಸುತ್ತಿತ್ತು. ನಾವು ಅಚ್ಚುಹಾಕುವ ಕಥೆಗಳನ್ನು ಓದುವವರು ನೂರು ಮಂದಿ. ಆ ಕಥೆಗಳನ್ನು ನೋಡಿದವರು ಊರಿಗೆ ಊರು. ಎರಡನೆಯ ಕಾರಣವೊಂದುಂಟು. ಅದು ನನ್ನ ಸ್ವಂತದ ಒಂದು ಋಣ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಅರಸನಂತೆ ಆಜ್ಞಾಪಿಸುವುದು ಪ್ರಭುಸಮ್ಮಿತ. ವೇದಶಾಸ್ತ್ರಗಳ ರೀತಿ ಅದು. ಗೆಳೆಯನಂತೆ ಹೀಗೆ ಮಾಡಿದರೆ ಹೀಗಾಗುವುದೆಂದು ತಿಳಿಸುವುದು ಮಿತ್ರಸಮ್ಮಿತ. ಇತಿಹಾಸ ಪುರಾಣಗಳ ರೀತಿ ಅದು. ಮನವನ್ನೊಲಿಸಿ, ತಾನು ಉಪದೇಶಿಸುತ್ತಿರುವೆನೆಂಬುದನ್ನೇ ತೋರಗೊಡದೆ ತಿದ್ದುವುದು ಕಾಂತಾಸಮ್ಮಿತ. ಕಾವ್ಯದ ರೀತಿ ಅದು. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯದ ಪ್ರಯೋಜನಗಳಲ್ಲಿ ಈ ಮೂರನೆಯದನ್ನು ಎಣಿಸಿದ್ದು ಸಹೃದಯರಿಗೆ ತಿಳಿದ ವಿಷಯವೇ. ಈ ವಿಂಗಡಣೆಯಲ್ಲಿ ಅಡಗಿರುವ ಒಂದು ಸೂಕ್ಷ್ಮವನ್ನು ಮಾತ್ರ ಇಲ್ಲಿ ಎತ್ತಿ ಹೇಳಬೇಕಾಗಿದೆ. ಒಂದನೆಯದರಿಂದ ಮೂರನೆಯದಕ್ಕೆ ಬಂದಂತೆ, ಕೇಳುವವನ ಮಾನಕ್ಕೆ ದೊರೆಯುವ ರಕ್ಷಣೆ ಹೆಚ್ಚುತ್ತ ಹೋಗುತ್ತದೆ.

ಇದಕ್ಕೆ ನಮ್ಮ ನೆಲದಲ್ಲಿಯೇ ನಿದರ್ಶನವುಂಟು. ಈಗಿನ ಧರ್ಮಪುರಿಯೇ ಹಿಂದಿನ ತಗಡೂರು. ಅತಿಯಮಾನನು ಆಳಿದ ಊರು. ಅವನ ಪರವಾಗಿ ದೂತಿಯಾಗಿ ಕವಯಿತ್ರಿ ಅವ್ವೈಯಾರ್ ತೊಂಡೈಮಾನನ ಆಸ್ಥಾನಕ್ಕೆ ಹೋದಳೆಂದು ಸಂಗಂ ಸಾಹಿತ್ಯದ ‘ಪುರನಾನೂರು’ ಹೇಳುತ್ತದೆ. ಆ ಅರಸನು ತನ್ನ ಆಯುಧಶಾಲೆಯನ್ನು ತೋರಿಸಿ ಮೆರೆದನು. ಅವಳು ಅವನನ್ನು ಹಳಿಯಲಿಲ್ಲ. ನಿನ್ನ ಆಯುಧಗಳು ಹೊಳೆಯುತ್ತಿವೆಯೆಂದು ಹೊಗಳಿ, ತನ್ನ ಅರಸನವು ಮೊನೆ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿವೆಯೆಂದು ಮಾತ್ರ ತಿಳಿಸಿದಳು. ಯುದ್ಧ ಕಂಡವರಾರು, ಕಾಣದವರಾರು ಎಂಬುದು ಸಭೆಯಲ್ಲಿ ತಿಳಿಯಬೇಕಾದವನಿಗೆ ತಿಳಿಯಿತು. ಅವನ ಮುಖಕ್ಕೆ ಭಂಗವೂ ಬರಲಿಲ್ಲ. ತುಂಬಿದ ಸಭೆಯಲ್ಲಿಯೂ ಕಿವಿಮಾತು ಹೇಳಬಹುದು. ಆದರೆ ಅದಕ್ಕೆ ಅಂಥ ಕವಿ ಬೇಕು.

ಅಚ್ಚಿನ ಯಂತ್ರ ಬಂದ ಮೇಲೆ ಬುದ್ಧಿವಾದಕ್ಕೆ ಇನ್ನೊಂದು ಮರೆ ದೊರೆಯಿತು. ೧೬೯೧ರಲ್ಲಿ ಲಂಡನ್ ನಗರದ ಜಾನ್ ಡಂಟನ್ ಎಂಬ ಪ್ರಕಾಶಕನು ಹೆಸರಿಲ್ಲದೆ ಬಂದ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಾಗಿಯೇ ‘ಅಥೀನಿಯನ್ ಮರ್ಕ್ಯುರಿ’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಕೇಳುವವರ ಹೆಸರಿನಂತೆ ಹೇಳುವವರ ಹೆಸರೂ ಅಲ್ಲಿ ಮರೆಯಲ್ಲಿತ್ತು. ಸಲಹೆಯ ಅಂಕಣವೆಂಬ ಬರಹಪ್ರಕಾರ ಹುಟ್ಟಿದ್ದೇ ಈ ಮರೆಯಲ್ಲಿ ಎಂದರೆ ತಪ್ಪಾಗದು.

ಕನ್ನಡದಲ್ಲಿ ೧೯೬೫ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯಲ್ಲಿ ಬೀಚಿಯವರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಅವರದು ನಗೆಯ ದಾರಿ. ಕೇಳಿದವನೂ ತನ್ನ ಮೂರ್ಖತನವನ್ನು ಕಂಡು ತಾನೇ ನಗುವಂತೆ ಮಾಡುವ ದಾರಿ. ಡಾ. ಅನುಪಮಾ ನಿರಂಜನ ಅವರದು ವೈದ್ಯರ ದಾರಿ. ೧೯೩೪ರಲ್ಲಿ ಹುಟ್ಟಿ ೧೯೯೧ರಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡ ಈ ಲೇಖಕಿ, ಕಾದಂಬರಿಗಳ ಜೊತೆಗೆ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ ಎಂಬ ಪುಸ್ತಕಗಳನ್ನು ಬರೆದರು. ತಾಯಿಯನ್ನೂ ಕೇಳಲಾರದ ಪ್ರಶ್ನೆಗಳಿಗೆ ಹೆಣ್ಣುಮಕ್ಕಳು ಅವುಗಳಲ್ಲಿ ಉತ್ತರ ಕಂಡುಕೊಂಡರು. ಓದಿದವರು ಯಾರೆಂಬುದು ಪುಸ್ತಕಕ್ಕೂ ತಿಳಿಯಲಿಲ್ಲ. ಇತ್ತೀಚಿನವರಲ್ಲಿ, ನಿಮ್ಹಾನ್ಸ್ ಸಂಸ್ಥೆಯಲ್ಲಿ ದೀರ್ಘಕಾಲ ಮನೋವೈದ್ಯರಾಗಿದ್ದು ೨೦೨೪ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರೂ ಇದೇ ಪರಂಪರೆಯವರು. ಇವರೆಲ್ಲರಲ್ಲಿಯೂ ಸಾಮಾನ್ಯವಾದುದೊಂದುಂಟು. ಸಂಕಟ ಎಲ್ಲರ ಎದುರಿಗೆ ಬರುತ್ತದೆ, ಸಂಕಟಪಟ್ಟವರು ಬರುವುದಿಲ್ಲ. ಓದುಗನು ಪರರ ಪ್ರಶ್ನೆಯಲ್ಲಿ ತನ್ನದನ್ನು ಗುರುತಿಸಿಕೊಳ್ಳುತ್ತಾನೆ; ನೆರೆಮನೆಯವರದನ್ನು ಗುರುತಿಸುವುದಿಲ್ಲ.

ಟೆಲಿವಿಷನ್ನಿನಲ್ಲಿ ಈ ಕ್ರಮ ತಲೆಕೆಳಗಾಯಿತು. ಸಂಕಟಪಟ್ಟವರು ಎದುರಿಗೆ ಬಂದರು. ಸಂಕಟವು ಅವರ ಮುಖದ ಹಿಂದೆ ಮರೆಯಾಯಿತು. ಕಾರ್ಯಕ್ರಮಗಳ ಹೆಸರುಗಳನ್ನೇ ನೋಡಿರಿ. ತಮಿಳಿನ ವಿಜಯ್ ವಾಹಿನಿಯಲ್ಲಿ ‘ಕಥೈ ಅಲ್ಲ ನಿಜಂ’, ಎಂದರೆ ಕಥೆಯಲ್ಲ ನಿಜ. ಕನ್ನಡದ ಸುವರ್ಣ ವಾಹಿನಿಯಲ್ಲಿ ‘ಇದು ಕಥೆಯಲ್ಲ ಜೀವನ’. ಜೀ ತಮಿಳ್ ವಾಹಿನಿಯಲ್ಲಿ ೨೦೧೧ರಿಂದ ನಡೆದ ‘ಸೊಲ್ವದೆಲ್ಲಾಂ ಉಣ್ಮೈ’, ಎಂದರೆ ಹೇಳುವುದೆಲ್ಲ ಸತ್ಯ. ಇವೆಲ್ಲ ನ್ಯಾಯಾಲಯದ ಕಟಕಟೆಯಲ್ಲಿ ಮಾಡಿಸುವ ಪ್ರಮಾಣದಂತಿವೆ. ಕಥೆಯಲ್ಲವೆಂಬುದನ್ನು ಇವು ಹೆಮ್ಮೆಯಿಂದ ಸಾರಿದವು. ಅದೇ ಅವುಗಳ ಕೊರತೆಯೆಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ಆಧಾರ ಹುಡುಕಲು ದೂರ ಹೋಗಬೇಕಾಗಿಲ್ಲ. ‘ಕಥೈ ಅಲ್ಲ ನಿಜಂ’, ‘ಇದು ಕಥೆಯಲ್ಲ ಜೀವನ’ ಎರಡನ್ನೂ ನಡೆಸಿದವರು ನಟಿ ಲಕ್ಷ್ಮಿಯವರು. ‘ಗೋವಾದಲ್ಲಿ ಸಿ.ಐ.ಡಿ. ೯೯೯’, ‘ನಾ ನಿನ್ನ ಮರೆಯಲಾರೆ’ ಚಿತ್ರಗಳಿಂದ ಕನ್ನಡಿಗರಿಗೆ ಪರಿಚಿತರಾದ ಈ ಕಲಾವಿದೆಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ತಮಿಳಿನ ‘ಸಿಲ ನೇರಂಗಳಿಲ್ ಸಿಲ ಮನಿದರ್ಗಳ್’ ಚಿತ್ರದ ಗಂಗೆಯ ಪಾತ್ರ. ಅದು ಜಯಕಾಂತನ್ ಅವರ ಕಾದಂಬರಿ. ೧೯೭೨ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆ ಕಾದಂಬರಿಯ ಹಿಂದೆ ಅವರದೇ ಒಂದು ಸಣ್ಣಕಥೆಯಿದೆ: ೧೯೬೬ರಲ್ಲಿ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಬಂದು ದೊಡ್ಡ ಗದ್ದಲವನ್ನೆಬ್ಬಿಸಿದ ‘ಅಗ್ನಿಪ್ರವೇಶಂ’. ಮಳೆಯ ಸಂಜೆ ಕಾರಿನವನೊಬ್ಬನಿಂದ ಕೆಟ್ಟು ಮನೆಗೆ ಬಂದ ಹುಡುಗಿಯ ತಲೆಯ ಮೇಲೆ ತಾಯಿ ನೀರು ಸುರಿದು, ನೀನು ಶುದ್ಧಳೆಂದು ಒಳಗೆ ಕರೆದುಕೊಳ್ಳುತ್ತಾಳೆ. ಸುದ್ದಿ ಮನೆಯ ಗೋಡೆಯನ್ನು ದಾಟದು. ಕಾದಂಬರಿಯಲ್ಲಿ ಅದೇ ಸಂಗತಿ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ತಾಯಿ ಬಾಯಿಬಡಿದುಕೊಳ್ಳುತ್ತಾಳೆ, ಕೇರಿಗೆಲ್ಲ ತಿಳಿಯುತ್ತದೆ, ಅಣ್ಣ ಹೊರಗೆ ಹಾಕುತ್ತಾನೆ. ಗಂಗೆಯ ಬಾಳು ಬೇರೆಯೇ ಆಗುತ್ತದೆ. ವರ್ಷಗಳ ಮೇಲೆ ಆಕೆ ಪತ್ರಿಕೆಯೊಂದರಲ್ಲಿ ತನ್ನದೇ ಕಥೆಯಂಥ ಕಥೆಯನ್ನು ಓದುತ್ತಾಳೆ. ಆ ಕಥೆಯ ತಾಯಿ ಮುಚ್ಚಿಕೊಂಡಿದ್ದಾಳೆ, ತನ್ನ ತಾಯಿ ಮುಚ್ಚಿಕೊಳ್ಳಲಿಲ್ಲ. ಎರಡರಲ್ಲಿಯೂ ನಡೆದ ಘಟನೆ ಒಂದೇ. ಬಾಳನ್ನು ಕೆಡಿಸಿದ್ದು ಘಟನೆಯಷ್ಟೇ ಅಲ್ಲ, ಅದು ಬೀದಿಗೆ ಬಿದ್ದದ್ದು. ಈ ಗಂಗೆಯನ್ನು ಅಷ್ಟು ಆಳವಾಗಿ ಅಭಿನಯಿಸಿದ ಕಲಾವಿದೆಯೇ ಮುಂದೆ ‘ಕಥೆಯಲ್ಲ’ ಎಂಬ ಹೆಸರಿನ ವೇದಿಕೆಯ ಮೇಲೆ ಕುಳಿತದ್ದು ಕಾಲದ ವೈಚಿತ್ರ್ಯವೆನ್ನಬೇಕು.

ಕನ್ನಡದಲ್ಲಿ ಈ ಬಗೆಯ ಕಾರ್ಯಕ್ರಮವನ್ನು ಮನೆಮಾತಾಗಿಸಿದವರಲ್ಲಿ ಮಾಳವಿಕಾ ಅವಿನಾಶ್ ಪ್ರಮುಖರು. ೧೯೭೬ರಲ್ಲಿ ತಮಿಳು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ಜಿ. ವಿ. ಅಯ್ಯರ್ ಅವರ ಕೈಕೆಳಗೆ ಕೃಷ್ಣನ ಪಾತ್ರ ವಹಿಸಿದರು. ಕಾನೂನು ಓದಿದರು. ತೊಂಬತ್ತರ ದಶಕದ ಕೊನೆಯಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’, ಬಳಿಕ ‘ಮನ್ವಂತರ’ ಇವರಿಗೆ ಹೆಸರು ತಂದವು, ತಮಿಳಿನಲ್ಲಿ ಕೆ. ಬಾಲಚಂದರ್ ಅವರ ‘ಅಣ್ಣಿ’ ನಮ್ಮ ಕಡೆಯ ಮನೆಗಳಿಗೂ ಇವರನ್ನು ಕರೆತಂದಿತು. ಮುಂದೆ ಭಾರತೀಯ ಜನತಾ ಪಕ್ಷದ ವಕ್ತಾರರಲ್ಲಿ ಒಬ್ಬರಾದರು. ಜೀ ಕನ್ನಡ ವಾಹಿನಿಯಲ್ಲಿ ಇವರು ನಡೆಸಿದ ಕಾರ್ಯಕ್ರಮದ ಹೆಸರು ‘ಬದುಕು ಜಟಕಾ ಬಂಡಿ’. ಇಂಥ ಕಾರ್ಯಕ್ರಮಗಳ ನಡುವೆ ನಾನು ಕಂಡಂತೆ ಇದೊಂದೇ ತನ್ನ ಹೆಸರನ್ನು ಪ್ರಮಾಣವಚನದಿಂದ ಪಡೆಯದೆ ಕಾವ್ಯದಿಂದ, ಡಿ.ವಿ.ಜಿ.ಯವರ ೧೯೪೩ರ ‘ಮಂಕುತಿಮ್ಮನ ಕಗ್ಗ’ದಿಂದ, ಪಡೆಯಿತು. ಮನುಷ್ಯನ ಹತೋಟಿಯನ್ನು ಮೀರಿದುದು ಬಹಳವಿದೆಯೆಂದು ನೆನಪಿಸುವ ಪದ್ಯ ಅದು. ಹತೋಟಿ ಮೀರಿದ ಬಾಳಿನವರನ್ನು ತಪ್ಪಿತಸ್ಥರ ಕುರ್ಚಿಯಲ್ಲಿ ಕೂರಿಸುವ ಮುನ್ನ ಆ ಪದ್ಯವನ್ನು ನೆನೆಯುವುದು ತಕ್ಕುದಾಗಿತ್ತು.

ಮಾಳವಿಕಾ ಅವರ ಗುಣವನ್ನು ಮೊದಲು ಹೇಳಬೇಕು. ಗದ್ದಲದ ನಡುವೆ ಘಟನೆಗಳನ್ನು ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸುವುದರಲ್ಲಿ ಕಾನೂನಿನ ಓದು ಕಾಣುತ್ತಿತ್ತು; ಮಾತು ಸ್ಪಷ್ಟ, ಉಚ್ಚಾರ ಶುದ್ಧ. ಆದರೆ ಅವರ ನಿಜವಾದ ಶಕ್ತಿ ಮಾತಿನಲ್ಲಿರಲಿಲ್ಲ, ಕೇಳುವುದರಲ್ಲಿತ್ತು ಎಂದು ನನಗೆ ತೋರುತ್ತದೆ. ೨೦೧೮ರ ‘ಕೆ.ಜಿ.ಎಫ್.’ ಚಿತ್ರದಲ್ಲಿ ಅವರು ಸುದ್ದಿವಾಹಿನಿಯ ಸಂಪಾದಕಿ ದೀಪಾ ಹೆಗ್ಡೆ. ಅನಂತ್ ನಾಗ್ ಅವರ ಪಾತ್ರ ಕಥೆ ಹೇಳುತ್ತದೆ, ಇವರದು ಕೇಳುತ್ತದೆ, ಅನುಮಾನಿಸುತ್ತದೆ, ಮತ್ತೆ ಕೇಳುತ್ತದೆ. ಅಷ್ಟು ದೊಡ್ಡ ಕಥೆ ನಿಂತಿರುವುದು ಆ ಕೇಳುವಿಕೆಯ ಮೇಲೆ. ಕಾರ್ಯಕ್ರಮದಲ್ಲಿಯೂ ಅವರು ಸುಮ್ಮನಿದ್ದ ಗಳಿಗೆಗಳೇ ಒಳ್ಳೆಯ ಗಳಿಗೆಗಳು. ಕೊರತೆ ಅವರದಲ್ಲ, ಆ ಪ್ರಕಾರದ್ದು. ಇಂಥ ವೇದಿಕೆಯಲ್ಲಿ ಒಬ್ಬರು ದೂರು ಹೇಳುತ್ತಿರುವಾಗ ಇನ್ನೊಬ್ಬರು ಹಿಂದೆ ಕಾಯುತ್ತಿರುತ್ತಾರೆ; ಕಣ್ಣೀರು ಬರುವ ಹೊತ್ತಿಗೆ ಸಂಗೀತ ಬರುತ್ತದೆ, ಉತ್ತರ ಬರುವ ಹೊತ್ತಿಗೆ ಜಾಹೀರಾತು ಬರುತ್ತದೆ. ಇಲ್ಲಿ ಮೌನಕ್ಕೆ ಬೆಲೆಯಿಲ್ಲ. ತೀರ್ಪನ್ನು ಇವತ್ತೇ, ಈ ಗಂಟೆಯೊಳಗೇ ಹೇಳಬೇಕು. ಮಿತ್ರಸಮ್ಮಿತವಾಗಿ ಆರಂಭವಾದ ಮಾತು ಮುಗಿಯುವ ವೇಳೆಗೆ ಪ್ರಭುಸಮ್ಮಿತವಾಗಿರುತ್ತದೆ.

ತಮಿಳಿನಲ್ಲಿ ಇದರ ಪರಿಣಾಮ ಇನ್ನೂ ಸ್ಪಷ್ಟ. ‘ಸೊಲ್ವದೆಲ್ಲಾಂ ಉಣ್ಮೈ’ ಕಾರ್ಯಕ್ರಮವನ್ನು ಮೊದಲು ವಾರ್ತಾವಾಚಕಿ ನಿರ್ಮಲಾ ಪೆರಿಯಸಾಮಿ, ಬಳಿಕ ನಟಿ ಮತ್ತು ನಿರ್ದೇಶಕಿ ಲಕ್ಷ್ಮೀ ರಾಮಕೃಷ್ಣನ್ ನಡೆಸಿದರು. ಇವರು ನೊಂದು ಆಡಿದ ಒಂದು ಮಾತು ಹಾಸ್ಯಗಾರರ ಬಾಯಿಗೆ ಬಿದ್ದು, ನಾಡೆಲ್ಲ ನಗುವ ಅಣಕವಾಯಿತು. ಮರುಕದ ಮಾತು ಮಕ್ಕಳ ಆಟದ ಮಾತಾದುದಕ್ಕೆ ಅಣಕಿಸಿದವರನ್ನು ಮಾತ್ರ ದೂರಿ ಫಲವಿಲ್ಲ. ಡಂಗುರದಲ್ಲಿ ಹೇಳಿದ ಮಾತು ಯಾರ ಸೊತ್ತೂ ಅಲ್ಲ. ಆದರೆ ಇದೇ ಲಕ್ಷ್ಮೀ ರಾಮಕೃಷ್ಣನ್ ೨೦೧೬ರಲ್ಲಿ ‘ಅಮ್ಮಣಿ’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಕಾರ್ಯಕ್ರಮದಲ್ಲಿ ತಮಗೆ ಎದುರಾದ ನಿಜಜೀವನವೇ ಅದಕ್ಕೆ ಪ್ರೇರಣೆ. ನಿವೃತ್ತಿಯಾಗುತ್ತಿರುವ ಆಸ್ಪತ್ರೆಯ ಕೆಲಸದಾಕೆ, ಅವಳ ಹಣದ ಮೇಲೆ ಕಣ್ಣಿಟ್ಟ ಮಕ್ಕಳು, ಚಿಂದಿ ಆಯ್ದು ಯಾರ ಹಂಗೂ ಇಲ್ಲದೆ ಬದುಕುವ ಅಮ್ಮಣಿಯೆಂಬ ಮುದುಕಿ: ಇಷ್ಟೇ ಕಥೆ. ಅಲ್ಲಿ ಯಾರಿಗೂ ಯಾರೂ ತೀರ್ಪು ಹೇಳುವುದಿಲ್ಲ. ಅದನ್ನು ನೋಡಿದವರು ತಮ್ಮ ತಾಯಿಯನ್ನು ನೆನೆಯುತ್ತಾರೆ. ಒಬ್ಬರದೇ ಕಣ್ಣು, ಒಬ್ಬರದೇ ಕರುಣೆ. ವೇದಿಕೆಯ ಮೇಲೆ ಪ್ರಭುವಾಗಿದ್ದವರು ಕಥೆಯೊಳಕ್ಕೆ ಬಂದೊಡನೆ ಕಾಂತಾಸಮ್ಮಿತಕ್ಕೆ ಏರಿದರು. ಹೆಸರನ್ನು ಬದಲಿಸಿದ್ದರಿಂದ ಸತ್ಯ ಕಡಿಮೆಯಾಗಲಿಲ್ಲ, ಹೆಚ್ಚಿತು.

ಇದು ಬರಿಯ ರಸವಿಚಾರವಲ್ಲ. ನಮ್ಮ ಕಾನೂನೂ ಇದೇ ಅರಿವಿನಿಂದ ಹೊರಟಿದೆ. ೧೯೮೪ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ ೧೧ನೆಯ ಪ್ರಕರಣದಂತೆ, ಇಬ್ಬರಲ್ಲಿ ಒಬ್ಬರು ಬಯಸಿದರೂ ಸಾಕು, ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲೇಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ೨೦೧೮ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠವು ‘ಸೊಲ್ವದೆಲ್ಲಾಂ ಉಣ್ಮೈ’ ಪ್ರಸಾರಕ್ಕೆ ಮಧ್ಯಂತರ ತಡೆ ನೀಡಿತು. ಬಂದವರು ತಾವಾಗಿ ಒಪ್ಪಿ ಬಂದವರಲ್ಲವೆ ಎಂಬ ವಾದವುಂಟು. ಹಿರಿಯರು ಒಪ್ಪಿರಬಹುದು. ಅವರ ಮನೆಯ ಮಗುವನ್ನು ಕೇಳಿದವರಾರು?

ಎದುರುಪಕ್ಷದ ಮಾತು ಹಗುರವಾದದ್ದೆಂದು ಯಾರೂ ತಿಳಿಯಬಾರದು. ವಕೀಲರಿಗೆ ಕೊಡಲು ಹಣವಿಲ್ಲದ, ಠಾಣೆಯ ಮೆಟ್ಟಿಲು ಹತ್ತಲು ಹೆದರುವ, ತವರಿನಲ್ಲಿ ಕೇಳುವವರಿಲ್ಲದ ಹೆಣ್ಣುಮಗಳ ದೂರನ್ನು ಮೊಟ್ಟಮೊದಲು ಪೂರ್ತಿಯಾಗಿ ಕೇಳಿದ್ದು ಆ ಕುರ್ಚಿಯೇ ಆಗಿರಬಹುದು. ಮುಚ್ಚಿದ ಬಾಗಿಲ ಹಿಂದೆ ಅನ್ಯಾಯವೂ ನಡೆಯುತ್ತದೆ. ಮಾನದ ಹೆಸರಿನಲ್ಲಿ ಬಾಯಿ ಮುಚ್ಚಿಸುವುದೂ ನಮ್ಮ ಸಮಾಜದ ಹಳೆಯ ಚಾಳಿಯೇ. ನಾಲ್ವರ ಕಣ್ಣಿಗೆ ಹೆದರಿ ನೆಟ್ಟಗಾದ ಗಂಡಂದಿರೂ ಇದ್ದಾರು. ಆದಕಾರಣ ನಾನು ಮುಚ್ಚಿಡಿ ಎಂದು ಹೇಳುತ್ತಿಲ್ಲ. ದೂರು ಹೊರಗೆ ಬರಲಿ. ಮುಖ ಒಳಗಿರಲಿ ಎನ್ನುತ್ತೇನೆ. ಬೀಚಿ, ಅನುಪಮಾ ಅವರ ಅಂಕಣ ಪುಸ್ತಕಗಳು ಮಾಡಿದ್ದು ಅದನ್ನೇ.

ಇನ್ನು ನನ್ನ ಋಣದ ಮಾತು. ವರ್ಷ, ಊರು, ವಾಹಿನಿ, ಭಾಷೆ ಒಂದನ್ನೂ ಹೇಳುವುದಿಲ್ಲ. ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಇಷ್ಟು ಬರೆದು ಹೆಸರು ಹೇಳಿದರೆ ಬರೆದುದಕ್ಕೆ ಅರ್ಥವಿರದು. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಸಬ್ಬಕ್ಕಿ ಮಿಲ್ಲಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಗಂಡ ಕಟ್ಟಡದ ಕೆಲಸಕ್ಕೆಂದು ನಗರಕ್ಕೆ ಹೋದವನು ಹಣ ಕಳಿಸುವುದನ್ನು ನಿಲ್ಲಿಸಿದ್ದನು. ಒಂದು ಸಂಜೆ ಆಕೆ ಬಂದು, “ಟೀಚರಮ್ಮಾ, ಟೀವಿಯವರು ಕರೆಸಿ ಕೇಳ್ತಾರಂತೆ. ನೀವೇ ಒಂದು ಫೋನ್ ಮಾಡಿಕೊಡಿ” ಎಂದಳು. ತೆರೆಯ ಕೆಳಗೆ ಓಡುತ್ತಿದ್ದ ಸಂಖ್ಯೆಯನ್ನು ಬರೆದುಕೊಂಡು ನನ್ನ ಫೋನಿನಿಂದಲೇ ಕರೆ ಮಾಡಿಕೊಟ್ಟೆ. ಪರೋಪಕಾರ ಮಾಡಿದೆನೆಂಬ ಸಂತೋಷವೂ ಆಯಿತು. ಅವರು ಕರೆಸಿದರು, ಅವನೂ ಬಂದನು. ತನ್ನ ತಪ್ಪಿಗೆ ಉತ್ತರವಿಲ್ಲದೆ, ಹೆಂಡತಿಯ ನಡತೆಯ ಮೇಲೆ ಒಂದು ಸುಳ್ಳನ್ನು ಹೇಳಿದನು. ಅದು ಸುಳ್ಳೆಂದು ಅಲ್ಲಿಯೇ ತೀರ್ಮಾನವೂ ಆಯಿತು. ಆದರೆ ಊರು ಕೇಳಿಸಿಕೊಂಡದ್ದು ಸುಳ್ಳನ್ನು, ತೀರ್ಮಾನವನ್ನಲ್ಲ.

ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಮಕ್ಕಳು ಟೀವಿಯಾಟ ಆಡುತ್ತಿದ್ದರು. ಒಬ್ಬಳು ಕಲ್ಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತು ವಿಚಾರಿಸುವವಳು. ಇಬ್ಬರು ಗಂಡ ಹೆಂಡತಿ. ಗಂಡನಾದವನು ಆ ಸುಳ್ಳನ್ನೇ ಅಕ್ಷರ ಬಿಡದೆ ಹೇಳಿದನು. ಅದರ ಅರ್ಥ ಅವನಿಗೆ ತಿಳಿದಿರಲಿಲ್ಲ. ಆ ಹುಡುಗಿ ನೀರಿನ ತೊಟ್ಟಿಯ ಬಳಿ ತಟ್ಟೆ ತೊಳೆಯುತ್ತ ನಿಂತಿದ್ದಳು. ನಾನು ಮಕ್ಕಳನ್ನು ಗದರಿಸಿ ಓಡಿಸಿದೆ. ಅವಳ ಬಳಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಕೆಲವು ತಿಂಗಳ ಮೇಲೆ ಅವಳ ತಾಯಿ ಸಂತೆಯಲ್ಲಿ ಸಿಕ್ಕಳು. “ದುಡ್ಡೇನೋ ಕಳಿಸ್ತಾ ಅವನೆ, ಟೀಚರಮ್ಮಾ. ಮಗ ಮಾತ್ರ ಬೀದಿಗೆ ಬರಾಕೆ ಒಲ್ಲೆ ಅಂತದೆ” ಎಂದಳು. ಅದರಲ್ಲಿ ನನ್ನ ಮೇಲಿನ ದೂರಿರಲಿಲ್ಲ. ದೂರಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ವರ್ಷದ ಕೊನೆಗೆ ಹುಡುಗಿಯನ್ನು ಅಜ್ಜಿಯ ಊರಿಗೆ ಕಳುಹಿಸಿದರು. ವರ್ಗಾವಣೆ ಪತ್ರ ಬರೆದವಳು ನಾನೇ.

೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಯಾವ ಹೆಂಗಸಿಗೂ, ಆದಾಯವೆಷ್ಟೆಂದು ನೋಡದೆ, ಉಚಿತ ವಕೀಲರ ನೆರವು ದೊರೆಯತಕ್ಕದ್ದೆಂದು ನನಗೆ ಅಂದು ತಿಳಿದಿರಲಿಲ್ಲ. ಶಿಕ್ಷಕ ತರಬೇತಿಯಲ್ಲಿ ಕಪ್ಪುಹಲಗೆಯ ಮೇಲೆ ನೆಟ್ಟಗೆ ಬರೆಯುವುದನ್ನು ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ. ಈಗ ತಾಯಂದಿರು ಬಂದು ಕೇಳಿದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಡುತ್ತೇನೆ. ತರಗತಿಯ ಬಾಗಿಲನ್ನು ಹಾಕಿಕೊಂಡು, ಹೇಳುವುದನ್ನು ಮೊದಲು ಪೂರ್ತಿಯಾಗಿ ಕೇಳುತ್ತೇನೆ. ಹೆಚ್ಚಿನವರಿಗೆ ಅರ್ಜಿ ಬೇಕಾಗಿರುವುದಿಲ್ಲ. ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮಗುವಿನ ಕೈ ಹಿಡಿದುಕೊಂಡು ಹೊರಡುತ್ತಾರೆ.